ಚಳಿಗಾಲದ ಒಲೆ ಮತ್ತು ಇಬ್ಬರ ಸಂಸಾರ

(ಘಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರವೆಂದೊಡನೆ ಅಣೆಕಟ್ಟು, ಗಣಿ, ಹೆದ್ದಾರಿಗಳು ಮಾತಿಗೆ ಬರುತ್ತವೆ. ಅವು ಬರಲೇಬೇಕಾದ ವಿಷಯಗಳು. ಇಂದು ಮಾತ್ರ ಗಮನ ಒಂದು ಸಣ್ಣ ಮನೆಯ ಕಡೆಗೆ ಹರಿಯಲಿ. ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಯಾವುದಾದರೂ ಕಣಿವೆಯ ತುದಿಯಲ್ಲಿರುವ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿರುವವರು ಇಬ್ಬರೇ: ಎಪ್ಪತ್ತರ ಆಸುಪಾಸಿನ ಗಂಡ, ಅವನಿಗಿಂತ ನಾಲ್ಕಾರು ವರ್ಷ ಚಿಕ್ಕವಳಾದ ಹೆಂಡತಿ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇಂಥ ಮನೆ ಇಲ್ಲಿ ಕುಳಿತ ಪ್ರತಿಯೊಬ್ಬರ ಊರಿನಲ್ಲಿಯೂ ಇದೆ. ಆ ಮನೆಯ ಚಳಿಗಾಲ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿದರೆ ಅದರ ಹಿಂದಿನ ಬೆಟ್ಟದ ಭವಿಷ್ಯವೂ ತಿಳಿಯುತ್ತದೆ.

ದೀಪಾವಳಿ ಮುಗಿದು ಇಬ್ಬನಿ ಬೀಳತೊಡಗಿದೊಡನೆ ಮಲೆನಾಡಿನ ದುಡಿಮೆಯ ದಿನಗಳು ಆರಂಭವಾಗುತ್ತವೆ. ಬೇರೆ ದೇಶಗಳಲ್ಲಿ ಚಳಿಗಾಲವೆಂದರೆ ಹೊಲಕ್ಕೆ ಬಿಡುವು. ಅಡಿಕೆ ಬೆಳೆಯುವವನಿಗೆ ಅದೇ ಸುಗ್ಗಿ. ಬೆಳಕು ಹರಿಯುವ ಮೊದಲೇ ಹೆಂಡತಿ ಬಚ್ಚಲೊಲೆಗೆ ಬೆಂಕಿ ಹಾಕುತ್ತಾಳೆ. ಗಂಡ ಕೊಟ್ಟಿಗೆಯ ಸಗಣಿ ತೆಗೆದು, ದನಗಳ ಕಾಲಡಿಗೆ ಒಣಗಿದ ದರಕು ಹಾಸಿ ಬರುತ್ತಾನೆ. ಇಬ್ಬರೂ ಒಲೆಯ ಮುಂದೆ ಕುಳಿತು ಬೆಂಕಿ ಕಾಯಿಸುತ್ತ ಆ ದಿನದ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಕೊನೆಗೌಡ ಇವತ್ತು ಬರುವನೋ ಇಲ್ಲವೋ, ಅಂಗಳದ ಅಡಿಕೆಗೆ ಇನ್ನೆಷ್ಟು ಬಿಸಿಲು ಬೇಕು, ತೋಟಕ್ಕೆ ನೀರು ಎಂದಿನಿಂದ ಬಿಡಬೇಕು ಎಂಬ ಮಾತುಗಳು ಅಲ್ಲಿಯೇ ಮುಗಿಯುತ್ತವೆ.

ಕೊನೆಗೌಡನೆಂದರೆ ಮರದಿಂದ ಮರಕ್ಕೆ ದಾಟುತ್ತ ಗೊನೆ ಇಳಿಸುವ ಕುಶಲಿ. ಈಗ ಅಂಥವರು ವಿರಳ. ನೆಲದಲ್ಲಿಯೇ ನಿಂತು ಉದ್ದನೆಯ ಫೈಬರ್ ದೋಟಿಯಿಂದ ಕೊಯ್ಯುವ ಪದ್ಧತಿ ಬಂದಿದೆ. ಇಳಿಸಿದ ಹಸಿ ಅಡಿಕೆಯನ್ನು ಅಂದಂದೇ ಸುಲಿಯಬೇಕು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಮರುದಿನ ಹರವಬೇಕು. ಹಣ್ಣಡಿಕೆಯನ್ನು ಚಾಲಿ ಮಾಡುವುದಾದರೆ ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿಸಬೇಕು. ಮಧ್ಯಾಹ್ನ ಮೋಡ ಕಟ್ಟಿದರೆ ಹೆಂಡತಿ ಅಂಗಳದಿಂದಲೇ ಕೂಗುತ್ತಾಳೆ: “ಹನಿ ಬೀಳುವ ಹಾಗಿದೆ, ಬೇಗ ಬನ್ನಿ.” ಅಷ್ಟು ಹೊತ್ತಿಗೆ ಅವನು ತೋಟದ ತುದಿಯಲ್ಲಿರುತ್ತಾನೆ. ಇಬ್ಬರ ನಾಲ್ಕು ಕೈಗಳಿಗೆ ಅಂಗಳ ದೊಡ್ಡದಾಗಿಬಿಡುತ್ತದೆ.

ಹಿಂದೆ ಈ ಅಂಗಳ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಇಂದು ನಿಮ್ಮ ಮನೆಯ ಅಡಿಕೆ, ನಾಳೆ ನಮ್ಮ ಮನೆಯ ಅಡಿಕೆ ಎಂದು ಊರವರು ಮೆಟ್ಟುಗತ್ತಿ ಹಿಡಿದು ಬರುತ್ತಿದ್ದರು. ರಾತ್ರಿಯಿಡೀ ಸುಲಿತದ ಜೊತೆಗೆ ತಾಳಮದ್ದಳೆಯ ಪದ, ಊರಿನ ಸುದ್ದಿ, ಮಕ್ಕಳಿಗೆ ಕಥೆ. ಇದಕ್ಕೆ ಮುಯ್ಯಾಳು ಎಂದು ಹೆಸರು. ಕೂಲಿಯ ಲೆಕ್ಕವಿಲ್ಲದ, ಆದರೆ ಋಣದ ಲೆಕ್ಕವಿದ್ದ ವ್ಯವಸ್ಥೆಯದು. ಈಗ ಸುಲಿಯುವ ಯಂತ್ರ ಬಂದಿದೆ, ಅದು ಉಪಕಾರಿಯೂ ಹೌದು. ಯಂತ್ರ ಅಡಿಕೆ ಸುಲಿಯುತ್ತದೆ. ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟಿ ಕೇಳುವವರನ್ನು ತರುವುದಿಲ್ಲ.

ಇನ್ನು ಒಲೆಯ ವಿಚಾರ. ಅಡುಗೆಮನೆಗೆ ಅನಿಲ ಬಂದಿದೆ. ಆದರೆ ಸ್ನಾನದ ನೀರು ಕಾಯುವುದು, ದನದ ಬಾಯರು ಬೇಯುವುದು, ಅಡಿಕೆ ಕುದಿಯುವುದು ಇಂದಿಗೂ ಕಟ್ಟಿಗೆಯಿಂದಲೇ. ಹಳೆಯ ಒಲೆಯಲ್ಲಿ ಉರಿಯ ಬಹುಪಾಲು ಪಾತ್ರೆಗೆ ತಾಗದೆ ಹೊಗೆಯೊಡನೆ ಹೊರಹೋಗುತ್ತದೆ. ಆ ಹೊಗೆ ಮೊದಲು ಸೇರುವುದು ಹೆಂಡತಿಯ ಎದೆಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಈ ಸಮಸ್ಯೆಯನ್ನು ಕೈಗೆತ್ತಿಕೊಂಡು ಅಸ್ತ್ರ ಒಲೆಯನ್ನು ರೂಪಿಸಿತು. ಗಾಳಿ ಬರುವ ದಾರಿ, ಉರಿ ಸಾಗುವ ದಾರಿ, ಹೊಗೆ ಹೋಗುವ ಕೊಳವೆ ಈ ಮೂರನ್ನು ಸರಿಯಾದ ಅಳತೆಯಲ್ಲಿ ಕಟ್ಟಿದರೆ ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಶಾಖ ದೊರೆಯುತ್ತದೆ ಎಂಬುದೇ ಅದರ ತತ್ವ. ಬಚ್ಚಲೊಲೆಗೂ ಅಡಿಕೆ ಬೇಯಿಸುವ ಒಲೆಗೂ ಇದೇ ತತ್ವ ಅನ್ವಯಿಸುತ್ತದೆ. ಅಡಿಕೆಯ ಸಿಪ್ಪೆ, ಒಣ ಸೋಗೆ, ತೆಂಗಿನ ಮಟ್ಟೆ ಇವೆಲ್ಲ ತೋಟವೇ ಕೊಡುವ ಉರುವಲು. ಇವುಗಳನ್ನು ಮಳೆಗೆ ಸಿಕ್ಕದಂತೆ ಕೂಡಿಟ್ಟ ಮನೆಗೆ ಬೆಟ್ಟದ ಹಸಿಮರ ಕಡಿಯುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ಬೆಟ್ಟವನ್ನು ಮರೆತು ತೋಟವಿಲ್ಲ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಕೊಟ್ಟದ್ದು ಈ ಸಂಬಂಧವನ್ನು ಅರಿತೇ. ಮಳೆಗಾಲದ ಹಸಿ ಸೊಪ್ಪು, ಚಳಿಗಾಲದ ದರಕು ಎರಡೂ ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತವೆ. ಬೆಟ್ಟದ ನೆತ್ತಿಯಲ್ಲಿ ಮರವಿದ್ದರೆ ಮಾತ್ರ ಅಬ್ಬಿಯ ನೀರು ಶಿವರಾತ್ರಿ ದಾಟಿಯೂ ತೋಟಕ್ಕೆ ಹರಿಯುತ್ತದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡದ್ದು ಇದೇ ಅರಿವಿನಿಂದ. ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೋ ಚಳವಳಿಯ ಮೂರು ಮಾತುಗಳಲ್ಲಿ ಮೂರನೆಯದೂ ಇದೆ ಎಂಬುದನ್ನು ಗಮನಿಸಬೇಕು. ಬಳಸುವವನು ಬೆಟ್ಟದಲ್ಲಿ ನಿತ್ಯ ಓಡಾಡುತ್ತಾನೆ, ಆದ್ದರಿಂದ ಕಾಯುತ್ತಾನೆ. ಆ ವೃದ್ಧ ದಂಪತಿಯ ಕಾಲು ಸೋತ ದಿನ ಬೆಟ್ಟದ ಬೆಂಕಿರೇಖೆ ಸವರುವವರಿಲ್ಲ, ಕಳೆಗಿಡ ಕೀಳುವವರಿಲ್ಲ, ಬೇಸಿಗೆಯ ಒಂದು ಕಿಡಿಗೆ ಅಡ್ಡ ನಿಲ್ಲುವವರಿಲ್ಲ.

ಚಳಿಗಾಲದ ಇನ್ನೊಂದು ಭಯವನ್ನು ಮುಚ್ಚಿಡಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ದರಕು ಗುಡಿಸುವ ಕಾಲವೂ ಅದೇ. ಸೋಂಕು ತಗಲಿಸುವುದು ಒಣ ಎಲೆಗಳ ನಡುವೆ ಇರುವ ಮರಿ ಉಣುಗು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ಕೈಬಿಡಲಾಗಿದೆ. ಆದ್ದರಿಂದ ಎಚ್ಚರವೇ ಮುಖ್ಯ. ಮೈತುಂಬ ಬಟ್ಟೆ ಧರಿಸಿ, ಉಣುಗು ತಡೆಯುವ ತೈಲ ಹಚ್ಚಿಕೊಂಡು ಹೋಗಬೇಕು. ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮಂಗ ಸತ್ತ ಜಾಗದ ದರಕನ್ನು ಕೊಟ್ಟಿಗೆಗೆ ತರಲೇಬಾರದು. ಒಂಟಿ ಮನೆಯ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು ಎಂಬ ಪ್ರಶ್ನೆಗೆ ಊರು ಮೊದಲೇ ಉತ್ತರ ಕಂಡುಕೊಂಡಿರಬೇಕು.

ಸಂಜೆ ಅಂಗಳದ ಅಡಿಕೆ ರಾಶಿಯಾಗುತ್ತದೆ. ಮಗನ ದೂರವಾಣಿ ಬರುತ್ತದೆ. ತೋಟ ಮಾರಿ ತನ್ನಲ್ಲಿಗೆ ಬಂದುಬಿಡಿ ಎಂಬುದು ಅವನ ಪ್ರೀತಿಯ ಒತ್ತಾಯ. ಅದರಲ್ಲಿ ತಪ್ಪೇನೂ ಇಲ್ಲ. ಗಂಡ ಸುಮ್ಮನಿರುತ್ತಾನೆ. “ಈ ಸುಗ್ಗಿ ಮುಗಿಯಲಿ” ಎಂದು ಹೆಂಡತಿ ಹೇಳುತ್ತಾಳೆ. ಹೋದ ವರ್ಷವೂ ಅದನ್ನೇ ಹೇಳಿದ್ದಳು.

ಆ ಉತ್ತರ ಇನ್ನೆಷ್ಟು ಸುಗ್ಗಿಗಳವರೆಗೆ ನಿಲ್ಲಬಲ್ಲದು ಎಂಬುದು ಅವರಿಬ್ಬರ ಕೈಯಲ್ಲಿಲ್ಲ. ಊರಿನ ಯುವಕರು ತಿಂಗಳಲ್ಲಿ ಎರಡು ದಿನ ಮುಯ್ಯಾಳಾಗಿ ಇಂಥ ಅಂಗಳಕ್ಕೆ ಇಳಿಯಬಹುದು. ವಿದ್ಯಾರ್ಥಿಗಳು ತಮ್ಮ ಮನೆಯ ಬಚ್ಚಲೊಲೆಗೆ ದಿನಕ್ಕೆ ಎಷ್ಟು ಕಿಲೋ ಕಟ್ಟಿಗೆ ಬೇಕೆಂದು ಒಂದು ವಾರ ತೂಗಿ ಬರೆದಿಡಬಹುದು. ಒಲೆ ಬದಲಿಸಿದ ಮೇಲೆ ಮತ್ತೆ ತೂಗಬಹುದು. ಆ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೇ ಬೆಟ್ಟದಲ್ಲಿ ಉಳಿದ ಮರ. ಈ ಚಳಿಗಾಲ ಮುಗಿಯುವುದರೊಳಗೆ ಪ್ರತಿ ಕೇರಿಯಲ್ಲಿ ಒಂದಾದರೂ ಹೊಸ ಒಲೆ ಉರಿಯಲಿ, ಒಂಟಿ ಮನೆಗಳ ಬಾಗಿಲನ್ನು ಯಾರಾದರೂ ದಿನಕ್ಕೊಮ್ಮೆ ತಟ್ಟಲಿ.