ತಿರುಳಿನ ಕಂಪನವೂ ಒಂಟಿ ಪ್ರೋಟಾನೂ



ಉಳ್ಳಾಲದ ಕಡಲತಡಿಯಲ್ಲಿಯೂ ಕೇರಳದ ಚವರದ ದಂಡೆಯಲ್ಲಿಯೂ ದೊರೆಯುವ ಮೋನಜೈಟ್ ಮರಳಿನಲ್ಲಿ ಥೋರಿಯಂ ಅಡಗಿರುವುದೆಂದು ತಾವು ಕೇಳಿಬಲ್ಲಿರಿ. ತಲೆಮಾರಿನಿಂದ ತಲೆಮಾರಿಗೆ ಕ್ಷಯಿಸುತ್ತ ಬರುವ ಆ ಧಾತುವು ಒಂದು ಕವಲಿನಲ್ಲಿ ಥ್ಯಾಲಿಯಮ್ಮಾಗಿ, ಅಲ್ಲಿಂದ ಸೀಸ-208 ಆಗಿ ನೆಲೆಗೊಳ್ಳುವಾಗ, ನವಜಾತ ಸೀಸದ ಪರಮಾಣುಬೀಜವು 2.615 ಮಿಲಿಯನ್ ಎಲೆಕ್ಟ್ರಾನ್ ವೋಲ್ಟುಗಳ ಗಾಮಾ ಕಿರಣವನ್ನು ಹೊರಸೂಸಿ ಶಾಂತವಾಗುವುದು. ಆ ಬೀಜದ ಪ್ರಥಮ ಉದ್ರಿಕ್ತ ಸ್ಥಿತಿಯ, ಎಂದರೆ ಅದರ ಕಂಪನದ, ಶಕ್ತಿ ಅದು; ಇಂದಿನ ಕಥೆಗೆ ಅದೇ ಶ್ರುತಿ.

ಬೀಜವು ದ್ರವಬಿಂದುವಿನಂತೆ ಒಟ್ಟಾಗಿ ವರ್ತಿಸುವುದೆಂಬ ನೋಟವನ್ನು ನೀಲ್ಸ್ ಬೋರ್ 1936ರಲ್ಲಿ ಪ್ರತಿಷ್ಠಾಪಿಸಿದನು. 1949ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಒಂದು ಕಡೆಯಿಂದಲೂ, ಯೆನ್ಸೆನ್ ಮತ್ತು ಸಂಗಡಿಗರು ಇನ್ನೊಂದು ಕಡೆಯಿಂದಲೂ, ಒಂದೊಂದು ಕಣವೂ ತನ್ನ ಪಥದಲ್ಲಿ ತಾನೇ ಸಂಚರಿಸುವುದೆಂದೂ, 82, 126 ಮೊದಲಾದ ಸಂಖ್ಯೆಗಳಲ್ಲಿ ಕವಚಗಳು ತುಂಬಿ ಬೀಜವು ಸ್ಥಿರವಾಗುವುದೆಂದೂ ಸಾಧಿಸಿದರು. ಎರಡೂ ನಿಜವಾಗಿರುವುದೆಂತು? ರೇನ್‌ವಾಟರ್, ಓಗೆ ಬೋರ್, ಮೊಟೆಲ್ಸನ್ ಇವರು 1950ರಿಂದ ಮುಂದಕ್ಕೆ ಎರಡನ್ನೂ ಸಂಧಾನಗೊಳಿಸಿದರು. ಆದರೆ ಅವರ ಗಣಿತವು ಸುಲಭದ್ದಲ್ಲ.

ಆಗ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅಮೋಸ್ ಡಿ-ಶಾಲಿತ್ 1961ರಲ್ಲಿ ಮಿತವಾದ ಮಾತೊಂದನ್ನಾಡಿದನು. ನಾಲ್ಕು ವರ್ಷ ಮೊದಲೇ ಲಾಸನ್ ಮತ್ತು ಉರೆಟ್ಸ್ಕಿ ಇದರ ಜಾಡನ್ನು ಹಿಡಿದಿದ್ದರು. ಹೊರಗಿನ ಒಂಟಿ ಕಣವನ್ನು ಬಿಟ್ಟು ಉಳಿದ ಬೀಜವೇ ತಿರುಳು; ಅದರೊಳಗೆ ಏನು ನಡೆಯುವುದೆಂಬ ಗೊಡವೆಯೇ ಬೇಡ. ತಿರುಳು ಉದ್ರಿಕ್ತವಾಗಲಿ, ಹೊರಗಿನ ಒಂಟಿ ಕಣವು ತನ್ನ ಪಥವನ್ನು ಬಿಡದಿರಲಿ. ಆಗ ತಿರುಳಿನ ಒಂದೇ ಸ್ಥಿತಿಯು ಒಡೆದು ಸ್ಥಿತಿಗಳ ಗುಂಪಾಗುವುದು. ಒಂದೊಂದಕ್ಕೂ ಅದರ ಭ್ರಮಣಕ್ಕೆ (ಸ್ಪಿನ್) ತಕ್ಕ ತೂಕವನ್ನಿತ್ತು ಸರಾಸರಿ ತೆಗೆದರೆ ತಿರುಳಿನ ಮೂಲಶಕ್ತಿಯೇ ಮರಳಿ ದೊರೆಯಬೇಕು. ಅಜ್ಞಾನವನ್ನು ಒಪ್ಪಿಕೊಂಡೇ ಪರೀಕ್ಷೆಗೆ ನಿಲ್ಲುವ ಈ ಧೈರ್ಯವು ನನಗೆ ಬಹಳ ಮೆಚ್ಚು.

ಬಿಸ್ಮತ್-209 ಎಂದರೆ ಸೀಸ-208ರ ಮೇಲೆ ಒಂದು ಪ್ರೋಟಾನು, ಅಷ್ಟೆ. ಪ್ರೋಟಾನಿನ ಭ್ರಮಣ 9/2, ಸೀಸದ ಕಂಪನದ್ದು 3. ಕೂಡಿಸಿದರೆ 3/2ರಿಂದ 15/2ರವರೆಗೆ ಏಳು ಸ್ಥಿತಿಗಳು. ಮೊದಮೊದಲಿನ ಪ್ರಯೋಗಗಳಲ್ಲಿ ಅವೆಲ್ಲ ಒಂದೇ ಉಬ್ಬಾಗಿ ತೋರಿದವು. ಉಪಕರಣಗಳು ಸೂಕ್ಷ್ಮವಾದಂತೆ, ಮೃದಂಗದ ಮೈಗೆ ಕಾಳೊಂದು ಅಂಟಿದರೆ ನಾದವು ಸೀಳುವಂತೆ, ಆ ಉಬ್ಬು ಸೀಳಿ ಏಳೂ ಹೊರಬಂದವು. ಅತ್ಯಲ್ಪವಾದದ್ದು 2.493, ಅತ್ಯಧಿಕವಾದದ್ದು 2.741, ತೂಕವಿಟ್ಟ ಸರಾಸರಿ 2.620. ಸೀಸದ 2.615ಕ್ಕೆ ಇದೆಷ್ಟು ಹತ್ತಿರವೆಂಬುದನ್ನು ತಾವೇ ನೋಡಿರಿ.

ಆದರೆ ಚಿನ್ನವು ಇಷ್ಟು ವಿಧೇಯವಲ್ಲ. ಚಿನ್ನ-197ರಲ್ಲಿ ಇಂಥ ಗುಂಪಿನ ನಾಲ್ಕು ಸ್ಥಿತಿಗಳು 77, 269, 279, 548 ಕಿಲೋ ಎಲೆಕ್ಟ್ರಾನ್ ವೋಲ್ಟುಗಳಲ್ಲಿವೆ, ತೂಕವಿಟ್ಟ ಸರಾಸರಿ 364. ಪ್ಲಾಟಿನಂ-196ಕ್ಕೆ ಪ್ರೋಟಾನೊಂದನ್ನು ಸೇರಿಸಿದರೂ ಚಿನ್ನವೇ, ಪಾದರಸ-198ರಿಂದ ಒಂದನ್ನು ಕಿತ್ತರೂ ಚಿನ್ನವೇ. ಮೊದಲನೆಯದರ ಉದ್ರೇಕಶಕ್ತಿ 356, ಎರಡನೆಯದರದ್ದು 412. ಹಾಗಾದರೆ ತಿರುಳು ಪ್ಲಾಟಿನಮ್ಮೇ ಎಂದು ತೀರ್ಪು ಕೊಡುವಂತೆಯೂ ಇಲ್ಲ. ಏಕೆಂದರೆ ನಾಲ್ಕರಲ್ಲಿ ಒಂದರ ಭ್ರಮಣವು ತಳಸ್ಥಿತಿಯದ್ದೇ ಆದ 3/2. ಒಂದೇ ಭ್ರಮಣದ ಇಬ್ಬರು ನೆರೆಯವರು ಒಬ್ಬರೊಳಗೊಬ್ಬರು ಬೆರೆಯದೆ ಇರಲಾರರು. 77ರಲ್ಲಿರುವ ಸ್ಥಿತಿಯಲ್ಲಿಯೂ, ತಿರುಳು ಕದಲದೆ ಪ್ರೋಟಾನೇ ಬೇರೊಂದು ಪಥಕ್ಕೆ ನೆಗೆದ ಪಾಲು ಸೇರಿಕೊಂಡಿರುವುದು.