ಆಟದಲ್ಲಿ ಮಗುವಿಗೂ ಒಂದು ಸರದಿ



ನಾನು ಸಾಫ್ಟ್‌ವೇರ್ ಎಂಜಿನಿಯರ್, ವಾಕ್ ತಜ್ಞೆಯಲ್ಲ. ನಾಲ್ಕು ವರ್ಷದ ಮಗನ ತಾಯಿಯಾಗಿ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಬಾಂದ್ರಾದಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಎಷ್ಟು ಭಾಷೆ ಬೀಳುತ್ತದೆ ನೋಡಿ. ಮನೆಯಲ್ಲಿ ಕನ್ನಡ, ಕೆಲವರಿಗೆ ತುಳು. ತರಕಾರಿಯವರ ಹತ್ತಿರ ಮರಾಠಿ, ಲಿಫ್ಟಿನಲ್ಲಿ ಹಿಂದಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. ನನ್ನ ಮಗ ಎರಡು ವರ್ಷವಾದರೂ ನಾಲ್ಕೈದು ಪದಗಳಲ್ಲೇ ನಿಂತಿದ್ದ. ಆಗ ಸಿಕ್ಕ ಮೊದಲ ಸಲಹೆ: "ಮನೆಯಲ್ಲಿ ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ. ಮಗುವಿಗೆ ಗೊಂದಲವಾಗುತ್ತಿದೆ." ದಿನವಿಡೀ ಅವನ ಜೊತೆ ಇರುವವರು ನನ್ನ ಅತ್ತೆ. ಅವರಿಗೆ ಇಂಗ್ಲಿಷ್ ಬಾರದು. ಆ ಮಾತು ಕೇಳಿದ್ದರೆ ಮಗುವಿಗೆ ಸಿಗುತ್ತಿದ್ದ ಮಾತೂ ನಿಂತುಹೋಗುತ್ತಿತ್ತು.

ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮಗುವಿನ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಬೇಕು. ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ ಮೊದಲ ಪದ, ಎರಡರ ಹೊತ್ತಿಗೆ "ಹಾಲು ಬೇಕು", "ಅಪ್ಪ ಬಾ" ಎಂಬಂಥ ಜೋಡಿ ಪದ ಬರುತ್ತದೆ. ಬರದಿದ್ದರೆ "ಗಂಡುಮಕ್ಕಳು ತಡವಾಗಿಯೇ ಮಾತಾಡೋದು" ಎಂದು ಕಾಯಬೇಡಿ. ಹೆಸರು ಕರೆದರೆ ತಿರುಗದಿದ್ದರೆ, ಬಂದ ಮಾತು ಹೋದರೆ ತಕ್ಷಣ ಮಕ್ಕಳ ವೈದ್ಯರನ್ನು ಕಾಣಿ. ಕಿವಿ ಪರೀಕ್ಷೆಯನ್ನಂತೂ ಮಾಡಿಸಲೇಬೇಕು. ನಮ್ಮ ಬಾಂದ್ರಾ ರೆಕ್ಲಮೇಶನ್‌ನಲ್ಲೇ 1983ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಊರಿನ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ನನ್ನ ಮಗನ ಕಿವಿ ಸರಿಯಾಗಿತ್ತು. ವಾಕ್ ಚಿಕಿತ್ಸೆಯವರು ನಮಗೆ ಕೊಟ್ಟ ಮನೆಕೆಲಸ ಆಟ. "ಇದೇನು? ಅದಕ್ಕೇನಂತಾರೆ?" ಎಂದು ಕೇಳುತ್ತಾ ಹೋದರೆ ಅದು ಪರೀಕ್ಷೆ, ಆಟವಲ್ಲ. ಮಗು ಏನು ನೋಡುತ್ತಿದೆಯೋ ಅದರ ಬಗ್ಗೆ ಮಾತಾಡಿ. ಅದು "ಬಸ್" ಎಂದರೆ ನೀವು "ಕೆಂಪು ಬಸ್ ಬಂತು" ಎನ್ನಿ. ಒಂದೆರಡು ಪದ ಸೇರಿಸಿದರೆ ಸಾಕು.

ನಮ್ಮ ಮನೆಯಲ್ಲಿ ಊಟದ ಕುರ್ಚಿಗಳೇ ಲೋಕಲ್ ಟ್ರೇನು. ಅತ್ತೆ ಪ್ರಯಾಣಿಕರು, ಮಗ ಮೋಟರ್‌ಮ್ಯಾನ್. ಮಾಹಿಮ್, ಬಾಂದ್ರಾ ಎಂದು ಹೇಳಿ ನಿಲ್ಲಿಸಿಬಿಡುವುದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಅವನ ಮುಖ ನೋಡುವುದು. ಈ ಕಾಯುವುದೇ ಬಹಳ ಕಷ್ಟ. ನಾವು ದೊಡ್ಡವರು ಆ ಜಾಗವನ್ನೂ ನಮ್ಮ ಮಾತಿನಿಂದಲೇ ತುಂಬಿಬಿಡುತ್ತೇವೆ. ಎಷ್ಟೋ ದಿನ ಅವನು ಸುಮ್ಮನೆ ಕೂತ. ಒಂದು ಸಂಜೆ "ಖಾರ್!" ಎಂದ. ಅತ್ತೆ ಕಣ್ಣೊರೆಸಿಕೊಂಡು, "ಇಳಿಯೋದಿಲ್ಲ, ನಾನು ಸಾಂತಾಕ್ರೂಜ್‌ಗೆ ಹೋಗಬೇಕು ಕಂದ" ಎಂದರು.

ಬೇರೆ ಮಕ್ಕಳ ಜೊತೆ ಬೆರೆಯುವುದಕ್ಕೂ ಇದೇ ಅಡಿಪಾಯ. "ಶೇರ್ ಮಾಡು" ಎಂದು ಗದರಿದರೆ ಎರಡು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ. ಚೆಂಡು ಉರುಳಿಸುತ್ತಾ "ಈಗ ನನ್ನ ಸರದಿ, ಈಗ ನಿನ್ನ ಸರದಿ" ಎಂದರೆ ಅರ್ಥವಾಗುತ್ತದೆ. ಮೊದಲು ಮನೆಯವರ ಜೊತೆ, ಆಮೇಲೆ ಕಟ್ಟಡದ ಒಂದೇ ಒಂದು ಮಗುವಿನ ಜೊತೆ, ನಂತರ ಗುಂಪಿನಲ್ಲಿ. ಕಣ್ಣಾಮುಚ್ಚಾಲೆ, ಅಂಗಡಿ ಆಟ, ಅಡುಗೆ ಆಟ ಎಲ್ಲದರಲ್ಲೂ ಕೇಳುವುದು, ಕೊಡುವುದು, ಕಾಯುವುದು ಇದೆ.

ಮೊಬೈಲ್ ಹಾಡು ಹಾಡುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನನ್ನ ಮಗ ಈಗ ಕನ್ನಡದಲ್ಲಿ ಜಗಳವಾಡುತ್ತಾನೆ, ಹಿಂದಿಯಲ್ಲಿ ಗೆಳೆಯರನ್ನು ಕರೆಯುತ್ತಾನೆ. ಕೆಲವು ಅಕ್ಷರ ಇನ್ನೂ ತೊದಲು, ಚಿಕಿತ್ಸೆ ನಡೆದಿದೆ. ಬಿಕೆಸಿಯ ಆಫೀಸಿನಿಂದ ಸುಸ್ತಾಗಿ ಬಂದರೂ ದಿನಕ್ಕೆ ಹದಿನೈದು ನಿಮಿಷ ಫೋನು ಬೇರೆ ಕೋಣೆಯಲ್ಲಿಟ್ಟು ನೆಲದ ಮೇಲೆ ಕೂರುತ್ತೇನೆ. ನೀವೂ ಇಂದು ಸಂಜೆಯೇ ಶುರುಮಾಡಿ. ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರನ್ನೂ ಆಟಕ್ಕೆ ಕರೆಯಿರಿ, ಅವರ ಭಾಷೆಯಲ್ಲೇ ಆಡಲಿ.