ಹೊತ್ತಿಗೊದಗುವ ತಿಳಿವು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, “ಮಾಸ್ತರ, ಈ ಸಲ ಪಂಪ ರನ್ನರ ಮಾತು ಬ್ಯಾಡ್ರಿ, ನಮ್ಮ ಹೊಟ್ಟೆಬಟ್ಟೆಗೆ ಹತ್ತಿದ್ದು ಏನರೆ ಹೇಳ್ರಿ” ಎಂದಾಗ ನಾನು ತುಸು ಹಿಂಜರಿದೆನು. ಹಳಗನ್ನಡದ ಕಂದಪದ್ಯಗಳನ್ನು ಬಿಡಿಸಿ ಹೇಳುವುದರಲ್ಲಿಯೇ ಆಯುಷ್ಯದ ಅರ್ಧವನ್ನು ಕಳೆದವನಿಗೆ ಅರ್ಥಶಾಸ್ತ್ರದ ಗೊಡವೆಯೇಕೆ ಎಂದು ನೀವೂ ಕೇಳಬಹುದು. ಆದರೂ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಸಂಗತಿಯೊಂದಿದೆ. ಅದನ್ನು ನಿಮ್ಮ ಮುಂದೆ ಇಡಲು ಈ ಅವಕಾಶವನ್ನು ಬಳಸಿಕೊಳ್ಳುತ್ತೇನೆ.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಒಂದು ವರ್ಷ ಹಿಂದಿನ ಮಳೆ ಮಿತಿಮೀರಿ ಸುರಿದು, ಹಳ್ಳದ ನೀರು ದಂಡೆಯ ಹೊಲಗಳಿಗೆ ನುಗ್ಗಿತು. ನನಗೆ ಪರಿಚಿತರಾದ ಹಿರಿಯ ರೈತರೊಬ್ಬರ ತೊಗರಿಯು ಮೂರು ದಿನ ನೀರಿನಲ್ಲಿಯೇ ನಿಂತು ಕೊಳೆಯಿತು. ಅವರು ಬೆಳೆವಿಮೆಯ ಹಣವನ್ನು ತಪ್ಪದೆ ಕಟ್ಟಿದ್ದರು. ಆ ಯೋಜನೆಯ ಆಗಿನ ನಿಯಮದಂತೆ ಇಂತಹ ಹಾನಿಯನ್ನು 72 ಗಂಟೆಗಳ ಒಳಗಾಗಿ ತಿಳಿಸಬೇಕಾಗಿತ್ತು. ಆ ನಿಯಮವನ್ನು ಮುದ್ರಿಸಿದ ಪತ್ರಕವು ಅವರ ಮನೆಯಲ್ಲಿಯೇ, ದೇವರ ಗೂಡಿನ ಪಕ್ಕದ ಮೊಳೆಗೆ ಚುಚ್ಚಿ ತೂಗುಹಾಕಲ್ಪಟ್ಟಿತ್ತು. ಅವರು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಪೇಟೆಯಲ್ಲಿ ಮರಾಠಿಯನ್ನು ಸರಾಗವಾಗಿ ಆಡಬಲ್ಲರು. ಆದರೆ ಕಚೇರಿಯ ಬರವಣಿಗೆಯ ಮರಾಠಿ ಅವರಿಗೆ ದಕ್ಕದು. ಸೊಲ್ಲಾಪುರದ ವಸತಿಗೃಹದಲ್ಲಿದ್ದ ಮೊಮ್ಮಗನು ಐದನೆಯ ದಿನ ಊರಿಗೆ ಬಂದು, ಪತ್ರಕವನ್ನು ಓದಿ, “ಅಜ್ಜಾ, ಗಡುವು ಮುಗದೈತಿ” ಎಂದನಂತೆ. ಆ ವರ್ಷ ಆ ಮನೆಯ ಹೆಣ್ಣುಮಗಳೊಬ್ಬಳ ಓದು ನಿಂತಿತು.

ಇಲ್ಲಿ ಯಾರನ್ನೂ ದೂಷಿಸುವ ಉದ್ದೇಶ ನನಗಿಲ್ಲ. ಸರಕಾರವು ತಿಳಿವಳಿಕೆಯನ್ನು ಕೊಟ್ಟಿತ್ತು, ಹೊತ್ತಿಗೆ ಮೊದಲೇ ಕೊಟ್ಟಿತ್ತು. ಆದರೂ ಅದು ಅವರನ್ನು ಹೊತ್ತಿಗೆ ಮುಟ್ಟಲಿಲ್ಲ.

ಬೆಳೆಯುತ್ತಿರುವ ದೇಶಗಳಿಗೆ ಸಕಾಲದಲ್ಲಿ ಸಲಹೆಯನ್ನೂ ಜ್ಞಾನವನ್ನೂ ಒದಗಿಸಬೇಕೆಂದು ಲೋಕದ ದೊಡ್ಡ ಸಂಸ್ಥೆಗಳು ಇಂದು ಹೇಳುತ್ತಿವೆ. ಮಾತು ಸರಿಯಾದುದೇ. ಆದರೆ ಸಲಹೆಯೆಂಬುದು ಹೇಗೆ ಹುಟ್ಟುತ್ತದೆ, ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಸುತ್ತಣ ಸೀಮೆಯಲ್ಲಿಯೇ ಅದರ ಕಥೆ ಹರಡಿಕೊಂಡಿದೆ.

ಮೊದಲು ಹೈದರಾಬಾದಿನ ಮಾತು. ಅದು ನಮಗೆ ಪರಸ್ಥಳವಲ್ಲ; ಹಿಂದೆ ನಿಜಾಮರ ಸೀಮೆಯ ಗಡಿಯು ನಮ್ಮ ಹೊಲಗಳ ಅಂಚಿನಲ್ಲಿಯೇ ಇತ್ತು. 1908ನೆಯ ಇಸವಿಯ ಸಪ್ಟಂಬರ 28ರಂದು ಮೂಸಿ ನದಿಯು ಉಕ್ಕಿ ಬಂದು ಆ ನಗರದ ಸಾವಿರಾರು ಜನರನ್ನು ನುಂಗಿತು. ಮುಂದಿನ ವರ್ಷ ನಿಜಾಮ ಸರಕಾರವು ಸಲಹೆಗಾಗಿ ಕರೆಸಿದುದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು 1884ರಿಂದ ಮುಂಬಯಿ ಇಲಾಖೆಯಲ್ಲಿ ಇಂಜಿನಿಯರರಾಗಿ ದುಡಿದು ಆಗತಾನೆ ಆ ನೌಕರಿಯಿಂದ ಬಿಡುಗಡೆ ಹೊಂದಿದ್ದರು. ಅದಕ್ಕೂ ಮೊದಲು, 1906ರಲ್ಲಿ, ಸಮುದ್ರದಾಚೆಯ ಏಡನ್ ಬಂದರಿಗೆ ಹೋಗಿ ನೀರು ಮತ್ತು ಚರಂಡಿಗಳ ವಿಷಯದಲ್ಲಿ ಸಲಹೆ ಕೊಟ್ಟು ಬಂದಿದ್ದರು. ಪರದೇಶಕ್ಕೆ ಸಲಹೆಗಾರನಾಗಿ ಹೋದ ಕನ್ನಡಿಗರಲ್ಲಿ ಅವರೇ ಮೊದಲಿಗರೋ ಏನೋ ನಾನರಿಯೆ. ಮೊದಲಿಗರ ಸಾಲಿನಲ್ಲಿ ಇರುವುದಂತೂ ನಿಶ್ಚಯ.

ಹೈದರಾಬಾದಿಗೆ ಬಂದ ಅವರು ಏನು ಮಾಡಿದರೆಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಸಿದ್ಧವಾದ ಉತ್ತರವನ್ನು ಕಿಸೆಯಲ್ಲಿಟ್ಟುಕೊಂಡು ಅವರು ಬರಲಿಲ್ಲ. ನದಿಯ ಮೇಲ್ಭಾಗದಲ್ಲಿ ಯಾವ ಊರಲ್ಲಿ ಎಷ್ಟು ಮಳೆ ಬಿದ್ದಿತು, ಆ ನೀರು ಎತ್ತ ಹರಿಯಿತು ಎಂಬ ಲೆಕ್ಕವನ್ನು ಮೊದಲು ಕೂಡಿಸಿದರು. ಆಗ ಕಂಡುಬಂದುದೇನೆಂದರೆ, ನದಿಗೆ ನೀರುಣಿಸುವ ಆ ಪ್ರದೇಶದಲ್ಲಿ ನೂರಾರು ಸಣ್ಣ ಕೆರೆಗಳಿದ್ದವು; ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೊಂದು ಒಡೆದು ಒಟ್ಟಾಗಿ ನಗರದ ಮೇಲೆ ಬಿದ್ದಿದ್ದವು. ಆದುದರಿಂದ ನಗರದಲ್ಲಿ ಗೋಡೆ ಕಟ್ಟುವುದಕ್ಕಿಂತಲೂ ಮೇಲ್ಗಡೆಯಲ್ಲಿಯೇ ನೀರನ್ನು ತಡೆಯುವುದು ಮೇಲೆಂದು ಅವರು ಕಂಡರು. ಮೂಸಿಗೂ ಅದನ್ನು ಕೂಡುವ ಈಸಿಗೂ ಅಡ್ಡಲಾಗಿ ಜಲಾಶಯಗಳನ್ನು ಕಟ್ಟಬೇಕೆಂಬ ಸಲಹೆ ಅವರದು. ಆ ವರ್ಷವೇ ಅವರು ಮೈಸೂರಿಗೆ ಹೊರಟುಹೋದರು. ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ: ಉಸ್ಮಾನ ಸಾಗರವು 1920ರಲ್ಲಿ, ಹಿಮಾಯತ ಸಾಗರವು 1927ರಲ್ಲಿ ಮುಗಿದವು. ನೆರೆಯನ್ನು ತಡೆಯಲೆಂದು ಕಟ್ಟಿದ ಆ ಕೆರೆಗಳೇ ಮುಂದೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಸಲಹೆಗಾರನು ಊರನ್ನು ಬಿಟ್ಟುಹೋದ ಮೇಲೆ ಅಲ್ಲಿಯವರ ಕೈಯಲ್ಲಿ ಕೆಲಸ ಮುಂದುವರಿದರೆ ಮಾತ್ರ ಆ ಸಲಹೆ ಬೇರೂರಿತೆಂದು ತಿಳಿಯಬೇಕು.

ಮೈಸೂರಿಗೆ ಬಂದ ವಿಶ್ವೇಶ್ವರಯ್ಯನವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಒಬ್ಬ ತಜ್ಞನ ಸಲಹೆಯಿಂದ ನಾಡು ಬೆಳೆಯದು, ನಾಡೇ ಕುಳಿತು ತನ್ನಷ್ಟಕ್ಕೆ ತಾನೇ ಸಲಹೆ ಕೊಟ್ಟುಕೊಳ್ಳಬೇಕು ಎಂಬ ಎಣಿಕೆಯಿಂದ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಹುಟ್ಟಿತು. ಕೃಷಿಗೊಂದು, ಕೈಗಾರಿಕೆ ವ್ಯಾಪಾರಗಳಿಗೊಂದು, ವಿದ್ಯೆಗೊಂದು ಎಂದು ಅದರಲ್ಲಿ ಸಮಿತಿಗಳಿದ್ದವು. ಅಧಿಕಾರಿಗಳೊಡನೆ ವರ್ತಕರೂ ಒಕ್ಕಲಿಗರೂ ಕುಳಿತು ಮಾತಾಡಿದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಇವೆಲ್ಲ ಆ ಕಾಲದ ಫಲಗಳು. ಆದರೆ ನಮ್ಮಂತಹ ಸಂಘದವರು ಎದೆಯಲ್ಲಿಟ್ಟುಕೊಳ್ಳಬೇಕಾದ ಸಂಗತಿ ಬೇರೊಂದಿದೆ. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೂಲವೂ ಈ ಸಂಪದಭ್ಯುದಯ ಸಮಾಜದ ವಿದ್ಯಾಸಮಿತಿಯ ಆಲೋಚನೆಯಲ್ಲಿಯೇ ಇದೆ! ಪರಿಷತ್ತೆಂದರೆ ಕವಿಗಳ ಕೂಟವೆಂದು ನಾವು ತಿಳಿದಿದ್ದೇವೆ. ಅದನ್ನು ಹುಟ್ಟಿಸಿದವರಾದರೋ ನಾಡಿನ ಸಂಪತ್ತು ಹೆಚ್ಚಬೇಕಾದರೆ ತಿಳಿವು ಜನರ ನುಡಿಯಲ್ಲಿ ಹರಿಯಬೇಕು, ಅದಕ್ಕೆ ನುಡಿಯು ಸಜ್ಜಾಗಬೇಕು ಎಂಬ ಲೆಕ್ಕಾಚಾರದವರು. ನನ್ನಂತಹ ಕನ್ನಡ ಪಂಡಿತನಿಗೆ ಇದು ಎಷ್ಟು ಸಮಾಧಾನದ ಮಾತೆಂಬುದನ್ನು ನೀವೇ ಊಹಿಸಿರಿ.

ಪ್ರಸಂಗಕ್ಕೆ ಬಂದುದರಿಂದ ಒಂದು ಮಾತು. ನಮ್ಮ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1940ರಲ್ಲಿ ಮೈಸೂರು ಸರಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ತಿಳಿವಿಗಾಗಿ ಅಮೇರಿಕೆಯ ಪಾಲಿ ಎಂಬವರ ನೆರವನ್ನು ಪಡೆದರು. ಸೊಲ್ಲಾಪುರದ ಸಾಹಸ, ಮೈಸೂರಿನ ನೆಲ ಮತ್ತು ಹಣ, ಅಮೇರಿಕೆಯ ವಿದ್ಯೆ — ಮೂರೂ ಹೊತ್ತಿಗೆ ಸರಿಯಾಗಿ ಒದಗಿದವು.

ಇನ್ನು ನಮ್ಮ ಎರೆಭೂಮಿಯ ಕಡೆಗೆ ಬರುತ್ತೇನೆ. 1876ರಿಂದ 1878ರವರೆಗಿನ ಬರದಲ್ಲಿ ಸೊಲ್ಲಾಪುರ, ಬಿಜಾಪುರಗಳ ಸೀಮೆಯು ಹೇಗೆ ಬರಿದಾಯಿತೆಂಬುದನ್ನು ಅಜ್ಜ ಮುತ್ತಜ್ಜಂದಿರಿಂದ ಬಂದ ಮಾತುಗಳಲ್ಲಿ ನೀವು ಕೇಳಿದ್ದೀರಿ. ಬರದ ತರುವಾಯ ಆಯೋಗ ಬಂದಿತು, 1880ರಲ್ಲಿ ಅದರ ವರದಿಯೂ ಬಂದಿತು. ಬರ ಬಿದ್ದಾಗ ಜನರಿಗೆ ಕೆಲಸ ಕೊಡುವ, ಗಂಜಿ ಹಾಕುವ ಕಟ್ಟಳೆಗಳಾದವು. ಆದರೆ ಈ ಕಡಿಮೆ ಮಳೆಯಲ್ಲಿಯೇ ಬೆಳೆಯನ್ನು ಉಳಿಸಿಕೊಳ್ಳುವುದು ಹೇಗೆಂಬ ಮೂಲಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಬಹಳ ಕಾಲ ಹಿಡಿಯಿತು. ಒಣಬೇಸಾಯದ ಸಂಶೋಧನೆಯ ಕೇಂದ್ರಗಳು 1933ರ ಸುಮಾರಿಗೆ ತಲೆಯೆತ್ತಿದವು. ಅವು ಎಲ್ಲೆಲ್ಲಿ ಎಂಬುದನ್ನು ನೋಡಿರಿ: ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿಯ ಹತ್ತಿರದ ಹಗರಿ, ಮತ್ತು ಉತ್ತರದಲ್ಲಿ ರೋಹತಕ. ಐದರಲ್ಲಿ ನಾಲ್ಕು ಕನ್ನಡ ಕೇಳಿಬರುವ ನೆಲದಲ್ಲಿ!

ಆ ಕೇಂದ್ರಗಳು ಕಂಡುಕೊಂಡ ವಿಧಾನವು ಹೊಲದವರಿಗೆ ಒಗಟಾಗಿರಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸುವುದು. ನೆಲವನ್ನು ಆಳವಾಗಿ ಹದಮಾಡುವುದು. ಒತ್ತಾಗಿ ಬಿತ್ತದೆ ಸಾಲಿನ ಅಂತರವನ್ನು ಹೆಚ್ಚಿಸಿ ಬೀಜವನ್ನು ಕಡಿಮೆ ಬಳಸುವುದು. ಪದೇ ಪದೇ ಎಡೆಕುಂಟೆ ಹೊಡೆದು ಮಣ್ಣಿನ ಬಿರುಕುಗಳನ್ನು ಮುಚ್ಚಿ ಹಸಿಯನ್ನು ಕಾಪಾಡುವುದು. ಇದರಲ್ಲಿ ಅರ್ಧವನ್ನು ನಮ್ಮ ಹಿರಿಯರು ಬಲ್ಲರು; ಉಳಿದರ್ಧವನ್ನು ಅಳೆದು ತೂಗಿ ಸೇರಿಸಿದವರು ಸಂಶೋಧಕರು. ನಾವು ಇಂದಿಗೂ ರೊಟ್ಟಿ ಮಾಡಿ ಉಣ್ಣುವ ಮಾಲದಂಡಿ ಜೋಳದ ಎಂ 35-1 ಎಂಬ ಹೆಸರಾಂತ ತಳಿಯು ಇದೇ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದುದು. ಊರ ಜೋಳದ ತೆನೆಗಳಲ್ಲಿಯೇ ಆರಿಸಿದ ತಳಿಯಾದುದರಿಂದ ರೈತನು ಅದನ್ನು ಅನುಮಾನಿಸಲಿಲ್ಲ. ಹಿಂಗಾರಿಯಲ್ಲಿ ಅದನ್ನು ಮೀರಿಸುವ ತಳಿಯು ಬೇಗ ಬರಲಿಲ್ಲ.

ಹಾಗಾದರೆ ಎಲ್ಲ ಹೊಲಗಳಿಗೂ ಒಡ್ಡು ಕೂಡಲೆ ಬಿದ್ದಿತೆ? ಇಲ್ಲ. ಒಡ್ಡು ಒಬ್ಬನ ಹೊಲದಲ್ಲಿ ನಿಲ್ಲುವಂತಹದಲ್ಲ. ಅದು ನೆಲದ ಏರಿಳಿತವನ್ನು ಅನುಸರಿಸಿ ನಾಲ್ಕು ಜನರ ಗಡಿಯನ್ನು ದಾಟಿ ಹೋಗಬೇಕು. ಒಬ್ಬನು ಒಲ್ಲೆನೆಂದರೆ ಮೂವರ ಶ್ರಮ ನೀರಿನಲ್ಲಿ ಹೋಯಿತು. ಮಣ್ಣು ಹೊರುವ ಕೂಲಿಗೆ ಹಣವೆಲ್ಲಿ? ಮುಂಬಯಿ ಸರಕಾರವು 1942ರಲ್ಲಿ ಭೂಸುಧಾರಣೆಯ ಕಾನೂನನ್ನು ಮಾಡಿದ ಮೇಲೆ ಒಡ್ಡಿನ ಕೆಲಸಕ್ಕೆ ವೇಗ ಬಂದಿತು. 1972ರ ಬರದಲ್ಲಿ ನಮ್ಮ ತಂದೆಯವರು ಕಲ್ಲು ಒಡೆದು ಕೂಲಿ ಪಡೆದವರು. ಆ ವರ್ಷಗಳಲ್ಲಿ ಮಹಾರಾಷ್ಟ್ರವು ಬೆಳೆಸಿದ ಉದ್ಯೋಗ ಖಾತರಿ ಯೋಜನೆಯು 1977ರಲ್ಲಿ ಶಾಸನವಾಯಿತು. 2005ರಲ್ಲಿ ಇಡೀ ದೇಶಕ್ಕೆ ಅಂತಹುದೇ ಒಂದು ಶಾಸನ ಬಂದಾಗ ಈ ಅನುಭವವೇ ಅದಕ್ಕೆ ದಾರಿ ತೋರಿಸಿತ್ತು. ನಮ್ಮ ಬರವೂ ದೇಶಕ್ಕೆ ಒಂದು ಸಲಹೆಯನ್ನು ಕೊಟ್ಟಿತೆನ್ನಬೇಕು.

ಸಲಹೆಯ ಬೆನ್ನಿಗೆ ಹಣವಿಲ್ಲದಿದ್ದರೆ ಅದು ನಡೆಯದೆಂಬುದನ್ನು ಲೋಕದ ಸಭೆಯಲ್ಲಿ ಎತ್ತಿ ಹೇಳಿದವರಲ್ಲಿ ಡಾಕ್ಟರ ವಿ. ಕೆ. ಆರ್. ವಿ. ರಾಯರು ಪ್ರಮುಖರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಇವರೇ. 1949ರಲ್ಲಿ ಅವರು ಸಂಯುಕ್ತ ರಾಷ್ಟ್ರಸಂಘದ ಆರ್ಥಿಕ ಅಭಿವೃದ್ಧಿಯ ಉಪ ಆಯೋಗದ ಅಧ್ಯಕ್ಷರಾಗಿದ್ದಾಗ, ಬಡ ದೇಶಗಳಿಗೆ ತಜ್ಞರನ್ನು ಕಳಿಸಿದರೆ ಸಾಲದು, ಸುಲಭವಾದ ನಿಯಮಗಳ ಮೇಲೆ ದೀರ್ಘಕಾಲದ ಹಣವನ್ನೂ ಕೊಡಬೇಕು ಎಂದು ಸೂಚಿಸಿದರು. ದೊಡ್ಡ ರಾಷ್ಟ್ರಗಳು ಆಗ ಒಪ್ಪಲಿಲ್ಲ. ವಾದವಿವಾದಗಳು ಹತ್ತು ವರ್ಷ ನಡೆದು, 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಹುಟ್ಟಿತು. ಅವರು ಬಯಸಿದಂತೆ ಅದು ರಾಷ್ಟ್ರಸಂಘದ ಕೈಯಲ್ಲಿರಲಿಲ್ಲ; ಆದರೂ ಹಣದ ಬಾಗಿಲು ತೆರೆಯಿತು. (ಸಲಹೆ ಬಂದೂ ಜಾರಿಗೆ ಬಾರದ ಕಥೆ ನಮ್ಮ ಗಡಿನಾಡಿನವರಿಗೆ ಹೊಸದಲ್ಲ, 1967ರ ಮಹಾಜನ ವರದಿಯನ್ನು ನೆನೆದವರು ಈಗಾಗಲೇ ಮುಗುಳ್ನಗುತ್ತಿದ್ದಾರೆ. ಅದು ಇಂದಿನ ವಿಷಯವಲ್ಲ.)

ಭಾರತವು ಬಹುಕಾಲ ಸಲಹೆಯನ್ನು ಪಡೆಯುವ ದೇಶವೆಂದೇ ಎಣಿಸಲ್ಪಟ್ಟಿತ್ತು. 1964ರಲ್ಲಿ ನಮ್ಮ ಸರಕಾರವೇ ಇತರ ದೇಶಗಳವರಿಗೆ ತರಬೇತಿಯನ್ನೂ ತಜ್ಞರ ನೆರವನ್ನೂ ಕೊಡುವ ಯೋಜನೆಯನ್ನು ಆರಂಭಿಸಿತು. 1972ರಲ್ಲಿ ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿ ಒಣಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಸ್ಥೆಯು ಸ್ಥಾಪಿತವಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅದರ ಬೆಳೆಗಳು. ನಮ್ಮ ಅಡಿಗೆಮನೆಯ ಡಬ್ಬಿಗಳನ್ನೇ ಸಾಲಾಗಿ ಇಟ್ಟಂತಿದೆ! ಆಫ್ರಿಕೆಯ ನೈಜರ್, ಮಾಲಿ ಮೊದಲಾದ ದೇಶಗಳಲ್ಲಿಯೂ ಅದು ಕೆಲಸ ಮಾಡುತ್ತಿದೆ. ಅಲ್ಲಿಯ ಒಕ್ಕಲಿಗನೂ ನಮ್ಮವನಂತೆ ಮುಗಿಲನ್ನು ನೋಡಿ ಬಿತ್ತುವವನು. ಅವನ ಮನೆಯ ಮಾತು ಹೌಸಾ, ಇಲ್ಲವೆ ಬಂಬಾರ. ಕಚೇರಿಯ ಕಾಗದ ಮಾತ್ರ ಬಹುಕಾಲ ಫ್ರೆಂಚಿನಲ್ಲಿ. ಅವನ ಮನೆಯ ಮೊಳೆಗೂ ಓದದ ಪತ್ರಕವೊಂದು ತೂಗುತ್ತಿರಬಹುದು.

ತೊಗರಿಯ ಹೊಲದ ಆ ಹಿರಿಯರು ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕಾಗಿಯೇ. ವಿಶ್ವೇಶ್ವರಯ್ಯನವರ ಲೆಕ್ಕ, ಸಂಶೋಧಕರ ಒಡ್ಡು, ರಾಯರ ಹಣ ಎಲ್ಲವೂ ಕೂಡಿಬಂದ ಮೇಲೂ ಪತ್ರಕದಿಂದ ಮನೆಯ ಕಿವಿಗೆ ಕೊನೆಯ ನಾಲ್ಕು ಮೊಳ ಉಳಿಯುತ್ತದೆ. ಆ ನಾಲ್ಕು ಮೊಳವನ್ನು ದಿಲ್ಲಿಯಾಗಲಿ ಮುಂಬಯಿಯಾಗಲಿ ದಾಟಿಸಲಾರದು. ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ನಮ್ಮ ನೆರೆಮನೆಯ ಅಕ್ಕನಂತಹ ನುಡಿ, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಬೇಕು. ಇಲ್ಲಿಯ ಕನ್ನಡ ಶಾಲೆಗಳಿಗೆ ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿಯು ಮುದ್ರಿಸಿ ಕೊಡುತ್ತಿದೆ ಎಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು. ಎರಡೂ ನುಡಿಗಳನ್ನು ಓದಬಲ್ಲ ಹುಡುಗ ಹುಡುಗಿಯರು ನಮ್ಮ ಪ್ರತಿಯೊಂದು ಓಣಿಯಲ್ಲಿ ಇದ್ದಾರೆ. ಇಂತಹ ಸಂಪತ್ತು ಬೆಂಗಳೂರಿನಲ್ಲಿಯೂ ಇಲ್ಲ, ಪುಣೆಯಲ್ಲಿಯೂ ಇಲ್ಲ. ಗಡಿಯಲ್ಲಿ ಮಾತ್ರ ಇದೆ.

ಆದುದರಿಂದ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇನೆ. ವಾರಕ್ಕೊಮ್ಮೆ, ಸಂತೆಯ ದಿನ ಸಾಯಂಕಾಲ, ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಸರಕಾರದ ಪತ್ರಕಗಳನ್ನೂ ಹವಾಮಾನದ ಮುನ್ಸೂಚನೆಯನ್ನೂ ವಿಮೆ ಸಾಲಗಳ ಗಡುವುಗಳನ್ನೂ ತಿಳಿಗನ್ನಡದಲ್ಲಿ ಓದಿ ಹೇಳುವ ಏರ್ಪಾಡಾಗಲಿ. ಗಡುವಿನ ದಿನಾಂಕಗಳನ್ನು ದೊಡ್ಡ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದಿಡಲಿ. ಕೇಳಲು ಬಂದವರು ಸಂಘದ ಸದಸ್ಯರೋ ಅಲ್ಲವೋ, ಕನ್ನಡದವರೋ ಮರಾಠಿಯವರೋ ಎಂದು ಯಾರೂ ಕೇಳಕೂಡದು. ಓದಿ ಹೇಳುವ ಮಕ್ಕಳು ತಮಗೆ ಅರ್ಥವಾಗದ ಮಾತನ್ನು ಊಹಿಸಿ ಹೇಳದೆ ಗುರುತು ಹಾಕಿಕೊಂಡು, ಮರುದಿನ ಬಲ್ಲವರನ್ನು ಕೇಳಿ ಬರಬೇಕು. ತಪ್ಪು ಸಲಹೆಯು ತಡವಾದ ಸಲಹೆಗಿಂತಲೂ ಹೆಚ್ಚಿನ ಹಾನಿ ಮಾಡೀತು. ಕೇಳುವವರು ತಮ್ಮ ಹೊಲದ ಅನುಭವವನ್ನು ಹೇಳಿದರೆ ಅದನ್ನೂ ಬರೆದುಕೊಂಡು ಮರಾಠಿಯಲ್ಲಿ ತಾಲೂಕಿನ ಕಚೇರಿಗೆ ಕಳುಹಬೇಕು. ಸಲಹೆಯ ಬಂಡಿ ಎರಡೂ ಕಡೆಗೆ ನಡೆಯಲಿ.

ಒಂಬತ್ತನೆಯ ಇಯತ್ತೆಯ ನಾಲ್ವರು ಮಕ್ಕಳು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಈಗಾಗಲೇ ಹೆಸರು ಕೊಟ್ಟಿದ್ದಾರೆ. ಮೊದಲ ವಾರಕ್ಕೆ ಬೆಳೆವಿಮೆಯ ಪತ್ರಕವನ್ನು ಅವರು ಕನ್ನಡಿಸಿದ್ದಾರೆ. ನಾನು ತಿದ್ದಿದ್ದೇನೆ, ತಿದ್ದುವುದು ಬಹಳ ಇರಲಿಲ್ಲ. ಹಲಗೆಯೊಂದು ಮತ್ತು ಸುಣ್ಣದ ಕಡ್ಡಿಗಳು ಬೇಕಾಗಿವೆ. ಉತ್ತರೆಯ ಮಳೆಗೆ ಮೊದಲು ಕೆಲಸ ಆರಂಭವಾಗಬೇಕೆಂದು ನನ್ನ ಬಯಕೆ; ಆ ಹಿರಿಯ ರೈತರೂ ಬರುವುದಾಗಿ ಹೇಳಿ ಕಳುಹಿಸಿದ್ದಾರೆ.